ಮೂರು ಮೊಳ, ಮೇಲೊಂದು ಗೇಣು

ಗುಂಜಿಯ ಈರಣ್ಣ ಎತ್ತು ನೋಡುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಯಾರೇ ಎತ್ತು ಕೊಳ್ಳಲಿ, ಖಾನಾಪುರದ ಸಂತೆಯಿರಲಿ ಬೆಳಗಾವಿಯ ಸಂತೆಯಿರಲಿ, ಈರಣ್ಣನನ್ನು ಮುಂದೆ ಮಾಡಿಕೊಂಡೇ ಹೋಗಬೇಕು. ಅವನು ಎತ್ತಿನ ಸುತ್ತ ಮೂರು ಸಲ ತಿರುಗುತ್ತಿದ್ದ, ಸುಳಿ ನೋಡುತ್ತಿದ್ದ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದ. ಕೊನೆಗೆ ಹಿಂದೆ ನಿಂತು, ಕಾಲಿಗೂ ಕಾಲಿಗೂ ನಡುವೆ ಎಷ್ಟು ಅಂತರವಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿ ಒಂದೇ ಮಾತು ಹೇಳುತ್ತಿದ್ದ: “ಹೂಡಬಹುದು.” ಅಷ್ಟಾದರೆ ವ್ಯಾಪಾರ ಮುಗಿದಂತೆ. ಅವನು ಸುಮ್ಮನೆ ತಲೆ ಕೆರೆದುಕೊಂಡರೆ ಆ ಎತ್ತು ಎಷ್ಟೇ ಚೆಂದವಿದ್ದರೂ ಮಾರಲು ತಂದವನ ಮನೆಗೇ ವಾಪಸು.

ಇಂಥವನ ಮನೆಯ ಜೋಡಿಯೇ ಮುರಿಯಿತು ನೋಡಿ! ಎಂಬತ್ತೈದರ ಶ್ರಾವಣದಲ್ಲಿ ಅವನ ಬಲಗಡೆಯ ಎತ್ತು ಗುಣವಂತ ಒಂದು ಮುಂಜಾನೆ ಎದ್ದೇಳಲಿಲ್ಲ. ಈರಣ್ಣ ಮೂರು ದಿನ ಉಣ್ಣಲಿಲ್ಲ. ಆಮೇಲೆ ಉಳಿದ ಎತ್ತಿಗೊಂದು ಜೋಡಿ ಹುಡುಕಲು ಹೊರಟವನು ಎಂಟು ತಿಂಗಳು ಹುಡುಕಿದ. ಒಂದರ ಸುಳಿ ಸರಿಯಿಲ್ಲ, ಒಂದರ ಗೊರಸು ಸರಿಯಿಲ್ಲ, ಒಂದಕ್ಕೆ ಎಲ್ಲಾ ಸರಿಯಿದೆ ಆದರೆ ನೋಟ ಸರಿಯಿಲ್ಲ. ಊರವರಿಗೆಲ್ಲ ಎತ್ತು ಆರಿಸಿಕೊಟ್ಟವನ ಬಾಯಿಂದ ತನ್ನ ಮನೆಗಾಗಿ ಆ ಒಂದು ಮಾತು ಹೊರಡಲಿಲ್ಲ.

ಅವನ ಹೆಂಡತಿ ಚಂದ್ರವ್ವನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಆಕೆ ನಲವತ್ತೈದರ ಗಟ್ಟಿ ಹೆಂಗಸು, ಮಾತಿಗೆ ಮುಂಚೆ ಕೈ ಆಡುವ ಜಾತಿ. ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದರಲ್ಲಿ ಅವಳ ಕೈಗೆ ಸಮ ಇಲ್ಲ ಎಂದು ಊರು ಒಪ್ಪಿತ್ತು, ಅವಳೂ ಒಪ್ಪಿದ್ದಳು. ಹುಸಿ ನಾಚಿಕೆ ಅವಳಿಗೆ ಬರುತ್ತಿರಲಿಲ್ಲ.

“ಎತ್ತು ಸಾಕಾತು. ಟ್ರ್ಯಾಕ್ಟರ್ ತರೂಣು. ಸಣ್ಣದು,” ಎಂದಳು ಒಂದು ದಿನ, ರೊಟ್ಟಿ ಬಡಿಯುತ್ತ.

“ಹಲ್ಲಿಲ್ಲ, ಸುಳಿ ಇಲ್ಲ. ಅದನ್ನ ಏನಂತ ನೋಡಿ ತರೂದು?” ಎಂದ ಈರಣ್ಣ.

“ನೀವು ನೋಡಬ್ಯಾಡ್ರಿ. ನಾ ನೋಡತೀನಿ.”

“ನೋಡು. ಆದರ ನಾ ಅದರ ಮ್ಯಾಲ ಕುಂದ್ರೂದಿಲ್ಲ. ಈಗ ಹೇಳೀನಿ.”

ದುಡ್ಡಿತ್ತು, ಆ ಮಾತು ಇಲ್ಲಿಗೇ ಬಿಡೋಣ. ತೊಡಕಿದ್ದುದು ದಾರಿಯದು. ಅವರ ಆರು ಎಕರೆ ದಿಬ್ಬದ ಹೊಲಕ್ಕೆ ಹೋಗಬೇಕಾದರೆ ನೆರೆಯ ಬಾಳಪ್ಪನ ಹೊಲ ದಾಟಬೇಕು. ಗಾಡಿದಾರಿಯ ಬಾಯಲ್ಲಿ ಎದೆಯೆತ್ತರದ ಎರಡು ಕರಿಗಲ್ಲುಗಳು, ಎರಡೂ ಬಾಳಪ್ಪನ ಅಪ್ಪ ನೆಟ್ಟವು. ಅವುಗಳ ನಡುವೆ ಚಕ್ಕಡಿ ಹಾಯುವಷ್ಟು ಜಾಗ, ಅದಕ್ಕಿಂತ ಒಂದು ಬೆರಳೂ ಹೆಚ್ಚಿಲ್ಲ. ಬಾಳಪ್ಪನಿಗೆ ಆ ದಿಬ್ಬದ ಹೊಲದ ಮೇಲೆ ಬಹಳ ದಿನಗಳ ಕಣ್ಣು. ಜೋಡಿ ಮುರಿದ ದಿನದಿಂದ ಅವನು ವಾರಕ್ಕೊಮ್ಮೆ ಬಂದು ಚಹಾ ಕುಡಿದು, “ಲಾವಣಿಗೆ ನನಗ ಕೊಟ್ಟುಬಿಡ್ರಿ ವೈನಿ, ಬೀಳು ಬಿಡಬ್ಯಾಡ್ರಿ” ಎಂದು ಗೇಣಿಗೆ ಕೇಳಿ ಹೋಗುತ್ತಿದ್ದ.

ಟ್ರ್ಯಾಕ್ಟರಿನ ಸುದ್ದಿ ಕೇಳಿದಾಗ ಅವನು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕುಳಿತು ದೊಡ್ಡದಾಗಿ ನಕ್ಕ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು? ಬರಲಿ, ನಮ್ಮಪ್ಪನ ಕಲ್ಲಿನ ಮುಂದ ಬಂದ ಬರಬೇಕು!”

ಚಂದ್ರವ್ವ ಆಗ ಗುಡಿಗೆ ಎಣ್ಣೆ ಹಾಕಲು ಬಂದಿದ್ದಳು. ಕಟ್ಟೆಯ ಮುಂದೆಯೇ ನಿಂತಳು. “ಬಾಳಪ್ಪಾ, ದಾಟಿದರ?”

“ಕಲ್ಲಿಗೆ ಮುಟ್ಟದಂಗ ದಾಟಿದರ ಒಂದು ಕಲ್ಲು ನಾನ ನನ್ನ ಕೈಯಾರ ಕೀಳ್ತೀನಿ, ವೈನಿ. ಮಿರಗ ಮಳಿ ಬೀಳೂದರೊಳಗ ದಾಟದಿದ್ರ ಹೊಲ ಮೂರು ವರ್ಷ ಲಾವಣಿಗೆ ನನಗ. ಒಪ್ಪಿಗಿ ಐತೇನು?”

“ಐತಿ,” ಎಂದಳು. ಮೃಗಶಿರಾ ಮಳೆಗೆ ಇನ್ನೂ ತಿಂಗಳ ಮೇಲಿತ್ತು. ಎಣ್ಣೆ ಹಾಕಿದಳು, ಕೈಮುಗಿದಳು, ಹೋದಳು. ಕಟ್ಟೆಯ ಮೇಲಿದ್ದ ಹತ್ತು ಮಂದಿ ಸಾಕ್ಷಿ. ಮನೆಗೆ ಬಂದ ಮೇಲೆ ಈರಣ್ಣ ತಲೆ ಮೇಲೆ ಕೈ ಹೊತ್ತು ಕುಳಿತ. ಆಕೆ ಮಾತ್ರ ಒಂದು ಬಿದಿರ ಗಳ ತೆಗೆದುಕೊಂಡು ಹೋಗಿ ಕಲ್ಲುಗಳ ನಡುವೆ ಅಡ್ಡ ಹಿಡಿದು, ಮೇಲೆ ಕೆಳಗೆ ಎರಡೂ ಕಡೆ ತಾಳೆ ನೋಡಿ, ಕುಡುಗೋಲಿನಿಂದ ಕತ್ತರಿಸಿದಳು. ಮೂರು ಮೊಳ, ಮೇಲೊಂದು ಗೇಣು.

ಆ ಗಳವನ್ನು ಹಿಡಿದುಕೊಂಡೇ ಮರುದಿನ ಬೆಳಗಾವಿಯ ರೈಲು ಹತ್ತಿದಳು, ಹಿಂದೆ ಈರಣ್ಣ. ಡಬ್ಬಿಯಲ್ಲಿ ಜನ ಜರುಗಿ ಕುಳಿತರು. “ಯಾರನ್ನ ಹೊಡ್ಯಾಕ ಹೊಂಟೀರಿ ಅವ್ವಾ?” ಎಂದ ಒಬ್ಬ. “ಟ್ರ್ಯಾಕ್ಟರ್ ಮಾರಾವನ್ನ,” ಎಂದಳು. ಡಬ್ಬಿಯೆಲ್ಲ ನಕ್ಕಿತು. ಈರಣ್ಣ ಕಿಟಕಿಯ ಹೊರಗೆ ನೋಡುತ್ತ, ಈ ಹೆಂಗಸು ತನಗೆ ಯಾರೋ ಎಂಬಂತೆ ಕುಳಿತಿದ್ದ.

ನೆಹರು ನಗರದ ಕಡೆ ಹೋಗುವ ದೊಡ್ಡ ರಸ್ತೆಯ ಬದಿಗೆ ಆ ಅಂಗಡಿ. ಅಂಗಡಿಯವನು ಇಸ್ತ್ರಿ ಅಂಗಿಯ ತರುಣ. ಅವನು ನೆಟ್ಟಗೆ ದೊಡ್ಡ ಕೆಂಪು ಟ್ರ್ಯಾಕ್ಟರಿನ ಬಳಿಗೆ ಕರೆದೊಯ್ದ. ಹಿಂದಿನ ಗಾಲಿಯೇ ಆಳೆತ್ತರ, ಅದರ ಬೆನ್ನಿಗೆ ಒಂಬತ್ತು ಹಲ್ಲಿನ ಕಲ್ಟಿವೇಟರ್. ಈರಣ್ಣನ ಕಣ್ಣು ಅರಳಿದವು. ಅವನು ತನಗೇ ಗೊತ್ತಿಲ್ಲದೆ ಅದರ ಸುತ್ತ ತಿರುಗಲು ಶುರು ಮಾಡಿ, ಹಿಂದೆ ಹೋಗಿ ನಿಂತು, “ಕಾಲಗಲ ಐತಿ,” ಎಂದ.

ಚಂದ್ರವ್ವ ಹಿಂದಿನ ಗಾಲಿಗಳಿಗೆ ಅಡ್ಡವಾಗಿ ಗಳ ಹಿಡಿದಳು. ಗಳ ಒಂದು ಗೇಣು ಕಡಿಮೆಬಿತ್ತು. ಕಲ್ಟಿವೇಟರಿಗೆ ಹಿಡಿದಳು, ಒಂದು ಮೊಳವೇ ಕಡಿಮೆಬಿತ್ತು. “ನಡೀರಿ, ಮುಂದಿಂದು ತೋರಸ್ರಿ.”

“ಅಕ್ಕಾರ, ಆರು ಎಕರೆ ಜಮೀನದಾರರು ನೀವು. ಇದು ನಿಮ್ಮ ಮರ್ಯಾದಿಗೆ ತಕ್ಕ ಗಾಡಿ!”

“ಹಾಸಿಗಿ ಇದ್ದಷ್ಟು ಕಾಲು ಚಾಚಬೇಕು ತಮ್ಮಾ. ನನ್ನ ಹಾಸಿಗಿ ಈ ಗಳದಷ್ಟ ಐತಿ.”

ಮೂಲೆಯಲ್ಲಿ ಹದಿನೆಂಟು ಎಚ್‌ಪಿಯ ಒಂದು ನೀಲಿ ಟ್ರ್ಯಾಕ್ಟರ್ ನಿಂತಿತ್ತು. ಗಿರಾಕಿಗಳು ಕೈಯಾಡಿಸದೆ ಧೂಳು ಹಿಡಿದಿತ್ತು. ಚಂದ್ರವ್ವ ಗಳ ಹಿಡಿದಳು. ಗಾಲಿಗಳ ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಗಳ ಹೊರಗೆ ಉಳಿಯಿತು. ಅವಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗು ಬಂತು.

“ಇದು ಆಟಿಗಿ ಸಾಮಾನು,” ಎಂದ ಈರಣ್ಣ ಮೆಲ್ಲಗೆ. “ಕಾಲು ನೋಡು, ಎಷ್ಟು ಕೂಡ್ಯಾವ. ಇಂಥಾ ಎತ್ತನ್ನ ನಾ ಇಳಿಜಾರಿಗೆ ಬಿಡೂದಿಲ್ಲ, ಉರುಳತೈತಿ.”

ಆಗ ಆ ನೀಲಿ ಟ್ರ್ಯಾಕ್ಟರಿನ ಕೆಳಗಿಂದ ಒಂದು ಬಿಳಿ ಗಡ್ಡ ಹೊರಬಂತು. ಅಂಗಡಿಯ ಮಿಸ್ತ್ರಿ ಕಾಸಿಮಸಾಬ, ಅರವತ್ತು ದಾಟಿದವನು. ಕೈಯೊರೆಸಿಕೊಂಡು ಎದ್ದು ನಿಂತು ಗಳವನ್ನೂ ಗಳ ಹಿಡಿದವಳನ್ನೂ ನೋಡಿದ. “ಅರೆ ವಾಹ್! ಬಣ್ಣ ನೋಡಿ ತಗೊಳ್ಳಾವರನ್ನ ನೋಡೀನಿ, ಪಕ್ಕದ ಮನಿಯಾಂವಂದು ನೋಡಿ ತಗೊಳ್ಳಾವರನ್ನ ನೋಡೀನಿ. ಅಳತಿ ತಗೊಂಡು ಬಂದಾವರು ನೀವ ಮೊದಲು ಅಕ್ಕಾರ.”

ಅವರಿಬ್ಬರಿಗೂ ಅಲ್ಲೇ ಹೊಂದಿಕೆಯಾಯಿತು. ಚಂದ್ರವ್ವ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ, ಕಾಸಿಮಸಾಬ ಬೇಸರಿಸಲಿಲ್ಲ. ಗಾಲಿಯ ನಡುವಿನ ತಟ್ಟೆ ಯಾಕೆ ರೊಟ್ಟಿ ಹಂಚಿನಂತೆ ಒಳಗೆ ತಗ್ಗಾಗಿದೆ ಎಂದೂ ಕೇಳಿದಳು. “ಹಂಚು ಹೆಂಗ ಬೇಕಾದರೂ ಇಡಬಹುದಲ್ರೀ, ಇದೂ ಹಂಗ,” ಎಂದ ಅವನು. “ಈಗ ತಗ್ಗು ಹೊರಗ ಮಾಡಿ ಹಾಕೀವಿ, ಅದಕ್ಕ ಕಾಲು ಕೂಡ್ಯಾವ. ಹೊಟ್ಟಿ ಹೊರಗ ಮಾಡಿ ಹಾಕಿದರ ಕಾಲು ಅಗಲ ಆಗತಾವ.” ಅವಳು ಹೂಂ ಎಂದಳು, ಮುಂದಿನ ಪ್ರಶ್ನೆಗೆ ಹೋದಳು.

ಹಿಂದೆ ಕಟ್ಟುವ ಸಲಕರಣೆಗಳನ್ನೂ ಹಾಗೆಯೇ ಆರಿಸಿದಳು. ಅಂಗಡಿಯವನು ಟ್ರೇಲರ್ ಎಂದ, ತಿರುಗುವ ನೇಗಿಲು ಎಂದ, ಇನ್ನೂ ಏನೇನೋ ಅಂದ. “ನನ್ನ ಹೊಲದಾಗ ಭತ್ತ ಕೂರಿಗಿಲೆ ಬಿತ್ತತೀವಿ. ನನಗ ನೆಲ ಸಡ್ಲ ಮಾಡೂದು ಒಂದು, ಬಿತ್ತೂದು ಒಂದು. ಉಳಿದಿದ್ದು ನಿಮ್ಮ ಹಂತೇಕ ಇರಲಿ,” ಎಂದಳು. ಕಡೆಗೆ ಐದು ಹಲ್ಲಿನ ಕಲ್ಟಿವೇಟರ್ ಒಂದನ್ನೇ ತೆಗೆದುಕೊಂಡಳು, ಅದೂ ಗಳದೊಳಗೆ ಕೂಡ್ರುವುದನ್ನು ನೋಡಿ. ಬಿತ್ತುವುದಕ್ಕೆ ಕಾಸಿಮಸಾಬ ದಾರಿ ತೋರಿಸಿದ. ಹಳೆಯ ಕೂರಿಗೆಯ ಮರದ ಬಟ್ಟಲನ್ನು ತಂದುಕೊಟ್ಟರೆ ಅದನ್ನು ಕಲ್ಟಿವೇಟರಿನ ಮೇಲೆ ಕೂಡ್ರಿಸಿ, ಪ್ರತಿ ಹಲ್ಲಿನ ಹಿಂದೆ ಒಂದೊಂದು ಕೊಳವೆ ಇಳಿಬಿಡುವುದಾಗಿ ಹೇಳಿದ. ಬಟ್ಟಲಿನ ಹಿಂದೆ ಅವಳು ನಿಲ್ಲಲು ಒಂದು ಹಲಗೆ. ಕಾಳು ಬಿಡುವುದು ಅದೇ ಕೈ.

ಮುಂದಿನ ಒಂದು ತಿಂಗಳು ಚಂದ್ರವ್ವ ನಾಲ್ಕು ಸಲ ಬೆಳಗಾವಿಗೆ ಹೋದಳು. ಒಮ್ಮೆ ಬಟ್ಟಲು ಕೊಡಲು. ಉಳಿದ ಮೂರು ಸಲ, ಊರಿಗೆ ಹೇಳದೆ, ಅಂಗಡಿಯ ಹಿಂದಿನ ಬಯಲಿನಲ್ಲಿ ಕಾಸಿಮಸಾಬನಿಂದ ಓಡಿಸುವುದನ್ನು ಕಲಿಯಲು. ಮೊದಲ ದಿನ ಗೋಡೆಗೆ ಹಾಯಿಸಿದಳು. ಮೂರನೆಯ ದಿನ ಅವನು ನೆಲದ ಮೇಲೆ ಎರಡು ಡಬ್ಬಿ ಇಟ್ಟ, ಅವುಗಳ ನಡುವೆ ಮುಂದಕ್ಕೂ ಹಿಂದಕ್ಕೂ ಓಡಿಸಿ ತೋರಿಸಿದಳು. “ನೀವು ಹೆದರೂದಿಲ್ಲ, ಅದ ನಿಮ್ಮ ಲೈಸೆನ್ಸ,” ಎಂದ ಮುದುಕ.

ಟ್ರ್ಯಾಕ್ಟರ್ ತರುವ ದಿನ ಚಂದ್ರವ್ವ ಬೀಜದ ಭತ್ತ ತೂರಿ ಹಸನು ಮಾಡುವುದರಲ್ಲಿದ್ದಳು. ಈರಣ್ಣನನ್ನು ಕಳಿಸಿದಳು. ಅದೇ ತಪ್ಪಾಯಿತು.

ಅಂದು ಶುಕ್ರವಾರ. ಕಾಸಿಮಸಾಬ ನಮಾಜಿಗೆ ಹೋಗಿದ್ದ. ಅಂಗಳದಲ್ಲಿ ತೊಳೆದು ನಿಲ್ಲಿಸಿದ್ದ ನೀಲಿ ಟ್ರ್ಯಾಕ್ಟರಿನ ಹಿಂದೆ ಈರಣ್ಣ ನಿಂತ. ಕಾಲು ಕೂಡಿದ ಎತ್ತನ್ನು ಗುಂಜಿಗೆ ಹೊಡೆದುಕೊಂಡು ಹೋದರೆ ಜನ ಏನಂದಾರು? ಈರಣ್ಣನ ಕಣ್ಣು ಹೋಯಿತು ಅಂದಾರು. “ತಮ್ಮಾ, ಇದರ ಕಾಲು ಸ್ವಲ್ಪ ಅಗಲ ಮಾಡಾಕ ಬರತೈತೇನು?” ಎಂದು ಕೇಳಿದ. ಇಸ್ತ್ರಿ ಅಂಗಿಯವನಿಗೆ ಹೂಂ ಎನ್ನುವುದೊಂದೇ ಗೊತ್ತು. ಇಬ್ಬರು ಆಳುಗಳು ಬಂದು ಅರ್ಧ ತಾಸಿನಲ್ಲಿ ಗಾಲಿ ತಿರುವಿ ಹಾಕಿದರು. ಈರಣ್ಣ ಹಿಂದೆ ನಿಂತು ನೋಡಿ ಸಮಾಧಾನ ಪಟ್ಟ. ಅಂಗಡಿಯ ಡ್ರೈವರ್ ಖಾನಾಪುರದ ಮೇಲಿಂದ ಓಡಿಸಿಕೊಂಡು ಬಂದು, ಹೊತ್ತು ಮುಳುಗುವಾಗ ಈರಣ್ಣನ ಅಂಗಳದಲ್ಲಿ ನಿಲ್ಲಿಸಿ, ರೈಲು ಹಿಡಿದು ಹೋದ.

ಮರುದಿನ ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿತ್ತು. ಮಿರಗ ಇಂದೋ ನಾಳೆಯೋ. ರೋಹಿಣಿ ಮಳೆಗೆ ಓಣಿ ತುಂಬ ಜೋಳ ಅಂತಾರೆ ಬಯಲುಸೀಮೆಯ ಮಂದಿ. ನಮ್ಮ ಗುಂಜಿಯ ಕಡೆ ಮಿರಗ ಹಿಡಿಯಿತೆಂದರೆ ಓಣಿ ತುಂಬ ಕೆಸರು, ಕೂರಿಗೆ ಹಾಕುವ ಮಾತೇ ಇಲ್ಲ. ಚಂದ್ರವ್ವ ಬೆಳಗ್ಗೆಯೇ ಸೆರಗು ಕಟ್ಟಿ, ಇಂಜಿನ್ನಿಗೆ ವಿಭೂತಿ ಹಚ್ಚಿ, ಸೀಟಿನ ಮೇಲೆ ಕುಳಿತಳು. ಊರು ಬಾಯಿ ತೆರೆದು ನೋಡಿತು. ಗಳದ ನೆನಪು ಅವಳಿಗೆ ಬರಲಿಲ್ಲ. ಒಮ್ಮೆ ಅಳೆದದ್ದನ್ನು ಮತ್ತೆ ಅಳೆಯುವ ಹೆಂಗಸಲ್ಲ ಆಕೆ, ಗಳದ ಮೇಲೆ ಆಗಲೇ ಬಟ್ಟೆ ಒಣಗುತ್ತಿದ್ದವು.

ಕಲ್ಲಿನ ಹತ್ತಿರ ಬಾಳಪ್ಪ ಕೈಕಟ್ಟಿ ನಿಂತಿದ್ದ. ಅವನ ಹಿಂದೆ ಅರ್ಧ ಊರು. ಚಂದ್ರವ್ವ ಮೊದಲನೆಯ ಗೇರಿನಲ್ಲಿ ಮೆಲ್ಲಗೆ ಬಂದಳು. ಮುಂದಿನ ಗಾಲಿಗಳು ಸಲೀಸಾಗಿ ಹೋದವು. ಹಿಂದಿನ ಗಾಲಿ ಕಲ್ಲಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಈರಣ್ಣ, “ನಿಂದ್ರು! ನಿಂದ್ರಸು!” ಎಂದು ಕೂಗಿದ. ನಿಲ್ಲಿಸಿ ಇಳಿದು ನೋಡಿದಳು. ಕಲ್ಲುಗಳ ನಡುವಿನ ಜಾಗಕ್ಕಿಂತ ಗಾಲಿಗಳೇ ಅಗಲ. ಒಟ್ಟು ನಾಲ್ಕು ಬೆರಳು ಹೆಚ್ಚು.

ಮೂರು ವರ್ಷ ತನ್ನ ಹೊಲದಲ್ಲಿ ಬಾಳಪ್ಪನ ಹೆಂಡತಿ ಕಾಳು ಬಿಡುವುದು ಅವಳ ಕಣ್ಣಿಗೆ ಕಟ್ಟಿತು.

“ಅಳತಿ ತಪ್ಪಿತೇನ್ರೀ ವೈನಿ?” ಎಂದ ಬಾಳಪ್ಪ. “ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಳಂತ. ಈಗ ಕಲ್ಲು ಡೊಂಕು ಅನ್ನಬ್ಯಾಡ್ರಿ ಮತ್ತ!” ಜನ ನಕ್ಕರು.

ಚಂದ್ರವ್ವ ಬಗ್ಗಿ ಗಾಲಿ ನೋಡಿದಳು. ನಡುವಿನ ತಟ್ಟೆ ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ಮುಖ ಮಾಡಿತ್ತು. ಮೂವತ್ತು ವರ್ಷ ಹಂಚಿನ ಮುಂದೆ ಕುಳಿತವಳಿಗೆ ಯಾವುದು ಬೋರಲು ಯಾವುದು ಅಂಗಾತ ಎಂದು ಕಲಿಸಬೇಕೇ? ತಿರುಗಿ ಗಂಡನ ಮುಖ ನೋಡಿದಳು. ಈರಣ್ಣ ಅವಳ ಹತ್ತಿರ ಸರಿದ.

“ನಾನ ಹೇಳಿ ಮಾಡಿಸಿನಿ,” ಎಂದ ಅವಳಿಗಷ್ಟೇ ಕೇಳುವಂತೆ. “ಕಾಲು ಕೂಡಿದ್ದವು... ಜನ ನಗತಾರ ಅಂತ...”

ಅವಳಿಗೆ ಸಿಟ್ಟು ನೆತ್ತಿಗೇರಿತು. ಬಯ್ಯಬೇಕೆಂದು ಬಾಯಿ ತೆರೆದಳು ಕೂಡ. ಆದರೆ ಅವನು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ಗುಣವಂತ ಸತ್ತ ದಿನ ಹಾಗೆ ತೆಗೆದಿದ್ದ, ಆಮೇಲೆ ಇವತ್ತೇ. ಅರ್ಧ ಊರಿನ ಮುಂದೆ ಈ ಮನುಷ್ಯನ ಮಾನ ತೆಗೆದರೆ ಹೊಲ ಉಳಿದೂ ಏನು ಬಂತು ಎನಿಸಿತು ಅವಳಿಗೆ.

ಜನರ ಕಡೆ ತಿರುಗಿ ದೊಡ್ಡ ದನಿಯಲ್ಲಿ ಹೇಳಿದಳು: “ಬೆಳಗಾವಿ ದಾರಿಗೆ ಕಾಲಗಲ ಇರಲಿ ಅಂತ ನಾನ ಮಾಡಿಸಿದ್ದೆ. ಇಲ್ಲಿಗೆ ಸಣ್ಣ ಮಾಡೂದು ಮರ್ತೆ. ನೀವು ಚಕ್ಕಡಿಗೆ ಕೀಲೆಣ್ಣಿ ಹಾಕೂಮುಂದ ಎತ್ತತೀರಲ್ಲ, ಹಂಗ ಎತ್ರಿ. ಗಾಲಿ ತಿರುವಿ ಹಾಕೂಣು.”

ಈರಣ್ಣ ಒಂದು ಗಳಿಗೆ ಅವಳನ್ನೇ ನೋಡಿದ. ಆಮೇಲೆ ಪಂಚೆ ಎತ್ತಿ ಕಟ್ಟಿದ. ಚಕ್ಕಡಿ ಎತ್ತುವುದರಲ್ಲಿ ಅವನ ಸಮ ಯಾರಿದ್ದಾರೆ? ಮುಂದಿನ ಗಾಲಿಗೆ ಕಲ್ಲು ಒತ್ತಿಟ್ಟ, ಹಿಂದಿನ ಅಚ್ಚಿನ ಕೆಳಗೆ ಮತ್ತಿಯ ತೊಲೆ ಸೇರಿಸಿದ, ಆರು ಮಂದಿಯನ್ನು ಅದರ ತುದಿಗೆ ಒರಗಿಸಿ, “ಹಾಂ... ಈಗ!” ಎಂದ. ಟ್ರ್ಯಾಕ್ಟರಿನ ಹಿಂಭಾಗ ಎದ್ದಿತು. ಕೆಳಗೆ ಕಲ್ಲು ಪೇರಿಸಿದ. ಚಂದ್ರವ್ವ ಡಬ್ಬಿಯಿಂದ ಪಾನಾ ತೆಗೆದು ಎಂಟು ನಟ್ಟು ಬಿಚ್ಚಿದಳು, ಅತ್ತ ಕಡೆ ಮತ್ತೆ ಎಂಟು. ಎಡದ ಗಾಲಿ ಬಲಕ್ಕೆ, ಬಲದ ಗಾಲಿ ಎಡಕ್ಕೆ, ಹಂಚಿನ ತಗ್ಗು ಹೊರಗೆ.

“ಇದು ಮೋಸ!” ಎಂದ ಬಾಳಪ್ಪ. “ಬಿಚ್ಚಿ ಹಾಕೂದು ಮಾತಿನ್ಯಾಗ ಇರಲಿಲ್ಲ.”

“ಕಲ್ಲು ಮುಟ್ಟಬಾರದು ಅಂದಿ. ನಟ್ಟು ಮುಟ್ಟಬಾರದು ಅಂದಿಯೇನು?”

ಕಟ್ಟೆಯ ಸಾಕ್ಷಿಗಳೆಲ್ಲ ಅಲ್ಲೇ ಇದ್ದರು. “ಇಲ್ಲ, ಅಂದಿಲ್ಲ,” ಎಂದರು.

ಚಂದ್ರವ್ವ ಮತ್ತೆ ಏರಿ ಕುಳಿತಳು. ಎರಡೂ ಕಡೆ ನಾಲ್ಕು ನಾಲ್ಕು ಬೆರಳು ಬಿಟ್ಟು, ಎರಡು ಡಬ್ಬಿಗಳ ನಡುವೆ ಹೋದಂತೆ ಕಲ್ಲುಗಳ ನಡುವೆ ಹೋದಳು. ಹಿಂದಿನ ಐದು ಹಲ್ಲೂ ಮುಟ್ಟಲಿಲ್ಲ. ಜನ ಹೋ ಎಂದು ಕೂಗಿದ್ದಕ್ಕೆ ಗುಂಜಿಯ ಸ್ಟೇಷನ್ನಿನಲ್ಲಿದ್ದವರೂ ತಿರುಗಿ ನೋಡಿದರಂತೆ.

ದಿಬ್ಬದ ಇಳಿಜಾರಿನಲ್ಲಿ ಅಡ್ಡ ಹೊರಳಿಸಿದಳೋ ಇಲ್ಲವೋ, ಟ್ರ್ಯಾಕ್ಟರ್ ಒಂದು ಮಗ್ಗುಲಿಗೆ ವಾಲಿತು. ಮೇಲಿನ ಗಾಲಿ ನೆಲ ಬಿಡುವಂತಾಯಿತು. ಈರಣ್ಣ ಓಡಿ ಬಂದ. “ಇಳಿ! ಮೊದಲು ಇಳಿ! ಕಾಲು ಕೂಡಿದ್ದು ಇಳಿಜಾರಿನ್ಯಾಗ ಉರುಳತೈತಿ ಅಂತ ನಾ ಆವತ್ತ ಬಡಕೊಂಡೆ. ಎತ್ತ ಇರಲಿ ಮಶೀನ ಇರಲಿ, ದಿಬ್ಬಕ್ಕ ಕಾಲಗಲ ಬೇಕು!”

ಚಂದ್ರವ್ವ ಇಳಿದಳು. ಹೆದರಿದ್ದಳು, ಅದನ್ನು ಮುಚ್ಚಿಡಲಿಲ್ಲ. “ಖರೇ ಐತ್ರಿ,” ಎಂದಳು, ಈ ಸಲ ಎಲ್ಲರಿಗೂ ಕೇಳುವಂತೆ. “ಅಂಗಡ್ಯಾಗ ನೀವು ನೋಡಿದ್ದ ಖರೇ. ನನಗ ದಾರಿ ಅಷ್ಟ ಕಂಡಿತ್ತು, ನಿಮಗ ಹೊಲ ಕಂಡಿತ್ತು.”

ಮತ್ತೆ ತೊಲೆ, ಮತ್ತೆ ಕಲ್ಲು, ಮತ್ತೆ ಹದಿನಾರು ನಟ್ಟು. ಹಂಚು ಮತ್ತೆ ಹೊಟ್ಟೆ ಹೊರಗೆ ಮಾಡಿ ಕುಳಿತಿತು. ಟ್ರ್ಯಾಕ್ಟರ್ ಈಗ ದಿಬ್ಬದ ಮೇಲೆ ಗಟ್ಟಿಯಾಗಿ ನಿಂತಿತು. ಚಂದ್ರವ್ವ ಬೀಜದ ಬುಟ್ಟಿ ತೆಗೆದುಕೊಂಡು ಹಿಂದಿನ ಹಲಗೆಯ ಮೇಲೆ, ಕೂರಿಗೆಯ ಬಟ್ಟಲಿಗೆ ಮುಖ ಮಾಡಿ ನಿಂತಳು. ಆಗ ಎಲ್ಲರಿಗೂ ಒಂದು ಸಂಗತಿ ಹೊಳೆಯಿತು. ಆಕೆ ಕಾಳು ಬಿಟ್ಟರೆ ಓಡಿಸುವವರು ಯಾರು?

ಚಂದ್ರವ್ವನಿಗೆ ಇದು ಒಂದು ತಿಂಗಳಿಂದ ಗೊತ್ತಿತ್ತು. ಬೇಕೆಂದೇ ಹೇಳಿರಲಿಲ್ಲ. “ಬರ್ರಿ, ಕುಂದರ್ರಿ,” ಎಂದಳು. “ಎಡಗಾಲು ಒತ್ತಿದರ ನಿಂದರತೈತಿ, ಬಿಟ್ಟರ ನಡೀತೈತಿ. ಉಳಿದಿದ್ದು ಎತ್ತಿನಂಗ. ಸಾಲು ನೆಟ್ಟಗ ಹೊಡಿಯೂದು ನಿಮಗ ನಾ ಕಲಸಬೇಕೇನು?”

“ನಾ ಕುಂದ್ರೂದಿಲ್ಲ ಅಂದಿದ್ದೆ.”

“ಅಂದಿದ್ರಿ. ಮೋಡ ನೋಡ್ರಿ.”

ಈರಣ್ಣ ಮೋಡ ನೋಡಿದ. ಬಟ್ಟಲಿನ ಮೇಲೆ ಮುಷ್ಟಿ ಹಿಡಿದು ನಿಂತಿದ್ದ ಹೆಂಡತಿಯನ್ನು ನೋಡಿದ. ಚಪ್ಪಲಿ ಬಿಟ್ಟು ಏರಿ ಕುಳಿತ. ಮೊದಲ ಸಾಲು ಸ್ವಲ್ಪ ಡೊಂಕಾಯಿತು. ಎರಡನೆಯದು ನೆಟ್ಟಗಾಯಿತು. ಮೂರನೆಯ ಸಾಲಿನ ತುದಿಯಲ್ಲಿ ತಿರುಗಿಸುವಾಗ, “ಹೋ... ಹೋ... ಬಾ ಮಗನ, ಬಾ ಗುಣವಂತ,” ಎಂದುಬಿಟ್ಟ. ಹಿಂದೆ ಚಂದ್ರವ್ವನ ಕಣ್ಣು ತುಂಬಿ ಬಂದವು, ಆದರೆ ಕಾಳು ಬಿಡುವ ಕೈ ನಿಲ್ಲಲಿಲ್ಲ.

ಆರು ಎಕರೆಯ ಕಡೆಯ ಸಾಲು ಮುಗಿಯುವುದಕ್ಕೂ ಮೊದಲ ದೊಡ್ಡ ಹನಿ ಬೀಳುವುದಕ್ಕೂ ಸರಿಹೋಯಿತು. ಈಗ ಹೊರಗೆ ಬರಬೇಕು. ಮತ್ತೆ ಹದಿನಾರು ನಟ್ಟು ಬಿಚ್ಚುವ ತ್ರಾಣ ಯಾರಿಗೂ ಉಳಿದಿರಲಿಲ್ಲ. ದಾರಿಯ ಬಾಯಿಗೆ ಬಂದು ನೋಡಿದರೆ ಬಾಳಪ್ಪ ಮೈಯೆಲ್ಲ ಮಣ್ಣು ಮಾಡಿಕೊಂಡು ಹಾರೆ ಹಿಡಿದು ನಿಂತಿದ್ದಾನೆ, ಎಡಗಡೆಯ ಕಲ್ಲು ಕಿತ್ತುಬಂದು ಬದಿಗೆ ಮಲಗಿದೆ. ಅವನು ಜಿಪುಣ, ಆಸೆಬುರುಕ, ಎಲ್ಲಾ ಹೌದು. ಆದರೆ ಬಸವಣ್ಣನ ಕಟ್ಟೆಯ ಮೇಲೆ ಆಡಿದ ಮಾತು ತಿನ್ನುವವನಲ್ಲ.

“ಹೊಡಿ ಈರಣ್ಣ, ಹಾದಿ ಅಗಲ ಐತಿ,” ಎಂದ. ಟ್ರ್ಯಾಕ್ಟರ್ ಕಾಲಗಲ ಮಾಡಿಕೊಂಡೇ ದಾಟಿತು. ದಾಟಿದ ಮೇಲೆ ಬಾಳಪ್ಪ ಹಾರೆಗೆ ಒರಗಿ ನಿಂತು ಕೇಳಿದ: “ನನ್ನ ಎತ್ತೂ ಮುದಿ ಆಗ್ಯಾವ. ಇಂಥಾದು... ನೀ ಏನಂತಿ?”

ಮಳೆ ಬೀಳುತ್ತಿತ್ತು. ಈರಣ್ಣ ಕೆಳಗಿಳಿದ. ಟ್ರ್ಯಾಕ್ಟರಿನ ಸುತ್ತ ಮೆಲ್ಲಗೆ ಮೂರು ಸಲ ತಿರುಗಿದ. ಹಿಂದೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ, ಗಾಲಿಗೂ ಗಾಲಿಗೂ ನಡುವಿನ ಅಂತರ ನೋಡಿದ. ಚಂದ್ರವ್ವ ಖಾಲಿ ಬುಟ್ಟಿ ಹಿಡಿದುಕೊಂಡು ಅವನ ಬಾಯನ್ನೇ ನೋಡುತ್ತ ನಿಂತಿದ್ದಳು.

“ಹೂಡಬಹುದು,” ಎಂದ ಈರಣ್ಣ.